ಗಣಿ ಮುಚ್ಚಿದ ಮೇಲೂ ಊರು ಉಳಿಯಬೇಕು

2024ರ ಡಿಸೆಂಬರ್ 15ರಂದು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿರುವ ಆ್ಯಶಿಂಗ್ಟನ್ ಪಟ್ಟಣಕ್ಕೆ ಪ್ರಯಾಣಿಕರ ರೈಲು ಬಂದಿತು. ರೈಲು ಬಂದದ್ದರಲ್ಲಿ ವಿಶೇಷವೇನು ಎಂಬ ಪ್ರಶ್ನೆ ಸಹಜ. ಆದರೆ ಆ ನಿಲ್ದಾಣದಲ್ಲಿ ಅದಕ್ಕೂ ಮೊದಲು ಪ್ರಯಾಣಿಕರ ರೈಲು ಓಡಾಡಿದ್ದು 1964ರ ನವೆಂಬರ್ ತಿಂಗಳಲ್ಲಿ. ನಷ್ಟದ ಮಾರ್ಗಗಳನ್ನು ಮುಚ್ಚುವ ಅಂದಿನ ಸರ್ಕಾರಿ ನೀತಿಗೆ ಬಲಿಯಾದ ಈ ಸೇವೆ ಮರಳಿ ಬರಲು 60 ವರ್ಷಗಳು ಹಿಡಿದವು. ಅದಕ್ಕೆ ತಗುಲಿದ ವೆಚ್ಚ ಸುಮಾರು 30 ಕೋಟಿ ಪೌಂಡ್. ಮೊದಲ ಅಂದಾಜಿಗಿಂತ ಇದು ಬಹಳ ಹೆಚ್ಚು ಎಂಬ ಟೀಕೆಯೂ ಅಲ್ಲಿ ಕೇಳಿಬಂದಿದೆ.

ಈ ಘಟನೆಯಲ್ಲಿ ವಾಣಿಜ್ಯ ಕ್ಷೇತ್ರದವರು ಗಮನಿಸಬೇಕಾದ ಅಂಶ ಬೇರೆಯೇ ಇದೆ. ಪ್ರಯಾಣಿಕರ ರೈಲು ನಿಂತರೂ ಹಳಿ ಕಿತ್ತುಹೋಗಲಿಲ್ಲ. ಮೊದಲು ಕಲ್ಲಿದ್ದಲು, ಅನಂತರ ಅಲ್ಯುಮಿನಿಯಂ ಕಾರ್ಖಾನೆಗೆ ಬೇಕಾದ ಅಲ್ಯುಮಿನಾ, ಇತ್ತೀಚೆಗೆ ವಿದ್ಯುತ್ ಸ್ಥಾವರಕ್ಕೆ ಬೇಕಾದ ಮರದ ಉಂಡೆಗಳು, ಹೀಗೆ ಒಂದಲ್ಲ ಒಂದು ಸರಕು ಆ ಹಾದಿಯಲ್ಲಿ ಸಾಗುತ್ತಲೇ ಇತ್ತು. ಇದ್ದ ಹಳಿಯನ್ನು ಸುಧಾರಿಸುವುದಕ್ಕೇ ಇಷ್ಟು ಹಣ ಬೇಕಾಯಿತೆಂದರೆ, ಹಳಿಯನ್ನೇ ಕಿತ್ತು ಜಾಗ ಮಾರಿದ್ದಲ್ಲಿ ಈ ಯೋಜನೆ ಕಾಗದದ ಮೇಲೂ ಮೂಡುತ್ತಿರಲಿಲ್ಲ. ಇಂದು ನಿರುಪಯುಕ್ತವೆಂದು ಕಾಣುವುದನ್ನು ಉಳಿಸಿಕೊಳ್ಳುವುದು ಭಾವುಕತೆಯಲ್ಲ, ಅದು ದೂರದೃಷ್ಟಿಯ ವ್ಯವಹಾರ ಎಂಬುದಕ್ಕೆ ಈ ಪಟ್ಟಣದ ಕಳೆದ ಅರ್ಧ ಶತಮಾನದ ಕಥೆಯೇ ಸಾಕ್ಷಿ.

ಒಂದೇ ಕಂಬದ ಮೇಲೆ ನಿಂತ ಊರು

ನಾರ್ತಂಬರ್‌ಲ್ಯಾಂಡ್ ಕೌಂಟಿಗೆ ಸೇರಿದ ಆ್ಯಶಿಂಗ್ಟನ್ 19ನೇ ಶತಮಾನದ ನಡುಭಾಗದವರೆಗೆ ಕೆಲವೇ ತೋಟದ ಮನೆಗಳ ಪ್ರದೇಶವಾಗಿತ್ತು. ಅಲ್ಲಿ ಕಲ್ಲಿದ್ದಲಿನ ಗಣಿ ತೆರೆದ ಮೇಲೆ ಐರ್ಲೆಂಡಿನಿಂದ, ಕಾರ್ನ್‌ವಾಲ್‌ನಿಂದ, ನೆರೆಯ ಹಳ್ಳಿಗಳಿಂದ ಜನ ಬಂದು ನೆಲೆಸಿದರು. ಆ್ಯಶಿಂಗ್ಟನ್ ಕೋಲ್ ಕಂಪನಿ ಅವರಿಗಾಗಿ ಇಟ್ಟಿಗೆಯ ಮನೆಗಳ ಸಾಲುಗಳನ್ನು ಕಟ್ಟಿಸಿತು. ಅವುಗಳಿಗೆ ಹೆಸರು ಹುಡುಕುವ ಗೋಜಿಗೂ ಹೋಗದೆ ಒಂದನೇ ಸಾಲು, ಎರಡನೇ ಸಾಲು ಎಂದು ಸಂಖ್ಯೆ ನೀಡಲಾಯಿತು. ಹನ್ನೊಂದನೇ ಸಾಲಿನವರೆಗೂ ಹೀಗೆಯೇ ಮುಂದುವರಿಯಿತು. ಜಗತ್ತಿನಲ್ಲೇ ಅತಿ ದೊಡ್ಡ ಗಣಿಗ್ರಾಮ ಎಂಬ ಖ್ಯಾತಿಯನ್ನು ಆ್ಯಶಿಂಗ್ಟನ್ ತನ್ನ ಏಳಿಗೆಯ ಕಾಲದಲ್ಲಿ ಪಡೆದಿತ್ತು.

ಅದು ಬ್ರಿಟನ್ನಿನ ಕಲ್ಲಿದ್ದಲಿನ ಪರಾಕಾಷ್ಠೆಯ ಕಾಲ. 1913ರಲ್ಲಿ ಆ ದೇಶ 28 ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲನ್ನು ತೆಗೆದಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಗಣಿಗಳಲ್ಲಿ ದುಡಿಯುತ್ತಿದ್ದರು. ಆ್ಯಶಿಂಗ್ಟನ್ನಿನ ಅಂಚಿನಲ್ಲಿದ್ದ ವುಡ್‌ಹಾರ್ನ್ ಗಣಿಯೊಂದರಲ್ಲಿಯೇ ಗರಿಷ್ಠ ಮಟ್ಟದಲ್ಲಿ ಸುಮಾರು 2,000 ಕಾರ್ಮಿಕರಿದ್ದರು. ಊರಿನ ಸಹಕಾರಿ ಅಂಗಡಿಗಳು, ಕಾರ್ಮಿಕರ ಕ್ಲಬ್ಬುಗಳು, ಫುಟ್‌ಬಾಲ್ ಮೈದಾನ, ಪ್ರಾರ್ಥನಾಮಂದಿರಗಳು ಎಲ್ಲವೂ ಗಣಿಯ ಸಂಬಳದ ದಿನವನ್ನೇ ನಂಬಿದ್ದವು.

ಸಂಪತ್ತಿನ ಜೊತೆಗೆ ಸಾವೂ ಇತ್ತು. 1916ರ ಆಗಸ್ಟ್ 13ರಂದು ವುಡ್‌ಹಾರ್ನ್ ಗಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ 13 ಮಂದಿ ಪ್ರಾಣ ಕಳೆದುಕೊಂಡರು. ಗಣಿಯ ಪರಂಪರೆಯ ಬಗ್ಗೆ ಮಾತನಾಡುವವರು ಈ ಭಾಗವನ್ನು ಮರೆತರೆ ಅದು ಪರಂಪರೆಯಾಗದೆ ಬರಿಯ ಅಲಂಕಾರವಾಗುತ್ತದೆ.

1947ರ ಜನವರಿ 1ರಂದು ಬ್ರಿಟನ್ನಿನ ಗಣಿಗಳು ರಾಷ್ಟ್ರೀಕರಣಗೊಂಡವು. ತೈಲ ಮತ್ತು ಅನಿಲದ ಪೈಪೋಟಿ, ಅಗ್ಗದ ಆಮದು, ಬರಿದಾಗುತ್ತಿದ್ದ ಪದರಗಳು, ಕೊನೆಗೆ 1984-85ರ ದೀರ್ಘ ಮುಷ್ಕರದ ನಂತರದ ಸರ್ಕಾರಿ ಧೋರಣೆ ಇವೆಲ್ಲ ಸೇರಿ ಉದ್ದಿಮೆಯನ್ನು ಕುಗ್ಗಿಸಿದವು. ವುಡ್‌ಹಾರ್ನ್ 1981ರಲ್ಲಿ ಮುಚ್ಚಿತು. ಆ್ಯಶಿಂಗ್ಟನ್ ಗಣಿ 1988ರಲ್ಲಿ ನಿಂತಿತು. ನೆರೆಯ ಎಲಿಂಗ್ಟನ್ ಈ ಪ್ರದೇಶದ ಕಟ್ಟಕಡೆಯ ಆಳದ ಗಣಿ. ಸಮುದ್ರದ ಅಡಿಯಲ್ಲಿ ಹಬ್ಬಿದ್ದ ಆ ಗಣಿಗೆ ನೀರು ನುಗ್ಗಿದಾಗ, 2005ರ ಜನವರಿಯಲ್ಲಿ ಅದಕ್ಕೂ ಬೀಗ ಬಿತ್ತು. 2015ರ ಡಿಸೆಂಬರಿನಲ್ಲಿ ಯಾರ್ಕ್‌ಶೈರಿನ ಕೆಲಿಂಗ್ಲಿ ಮುಚ್ಚುವುದರೊಂದಿಗೆ ಬ್ರಿಟನ್ನಿನಲ್ಲಿ ಆಳದ ಕಲ್ಲಿದ್ದಲು ಗಣಿಗಾರಿಕೆಯೇ ಕೊನೆಗೊಂಡಿತು. 2024ರ ಸೆಪ್ಟೆಂಬರ್ 30ರಂದು ಆ ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ಸ್ಥಗಿತಗೊಂಡಿತು.

ಬದಲಿ ಕಂಬಗಳೂ ಕುಸಿದವು

ಗಣಿ ಹೋದರೇನಂತೆ, ಇನ್ನೊಂದು ದೊಡ್ಡ ಕಾರ್ಖಾನೆ ಬಂದರೆ ಸಾಕು ಎಂಬುದು ಇಂಥ ಊರುಗಳ ಸಾಮಾನ್ಯ ನಿರೀಕ್ಷೆ. ಆ್ಯಶಿಂಗ್ಟನ್ ಅದನ್ನೂ ಪರೀಕ್ಷಿಸಿ ನೋಡಿದೆ. ಪಕ್ಕದ ಲೈನ್‌ಮತ್‌ನಲ್ಲಿ 1970ರ ದಶಕದ ಆರಂಭದಲ್ಲಿ ಅಲ್ಯುಮಿನಿಯಂ ಕರಗಿಸುವ ಕಾರ್ಖಾನೆ ಸ್ಥಾಪನೆಯಾಯಿತು. ಎಲಿಂಗ್ಟನ್ನಿನ ಕಲ್ಲಿದ್ದಲು ಅದರ ವಿದ್ಯುತ್ ಸ್ಥಾವರಕ್ಕೆ ಉರುವಲಾಯಿತು. ನಾಲ್ಕು ದಶಕ ನಡೆದ ಆ ಕಾರ್ಖಾನೆ 2012ರಲ್ಲಿ ಮುಚ್ಚಿದಾಗ 500ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು.

ಅದರ ಬಳಿಕ ಬಂದದ್ದು ವಿದ್ಯುತ್ ವಾಹನಗಳ ಬ್ಯಾಟರಿಯ ಕನಸು. ಹತ್ತಿರದ ಬ್ಲೈತ್ ಬಂದರಿನ ಬಳಿ 380 ಕೋಟಿ ಪೌಂಡ್ ಬಂಡವಾಳದ ಬೃಹತ್ ಕಾರ್ಖಾನೆ ಕಟ್ಟಿ 3,000 ಉದ್ಯೋಗ ಕೊಡುವುದಾಗಿ ಬ್ರಿಟಿಷ್‌ವೋಲ್ಟ್ ಸಂಸ್ಥೆ ಘೋಷಿಸಿತು. ಮಂತ್ರಿಗಳು ಹರಸಿದರು, ಪತ್ರಿಕೆಗಳು ಹೊಗಳಿದವು. 2023ರ ಜನವರಿಯಲ್ಲಿ, ಕಾರ್ಖಾನೆ ಮೇಲೇಳುವ ಮೊದಲೇ, ಸಂಸ್ಥೆ ದಿವಾಳಿಯ ಹಾದಿ ಹಿಡಿಯಿತು. ಅದೇ ಜಾಗಕ್ಕೆ ಈಗ ಬೃಹತ್ ದತ್ತಾಂಶ ಕೇಂದ್ರದ ಯೋಜನೆ ಬಂದಿದೆ.

ಇದರ ಅರ್ಥ ದೊಡ್ಡ ಉದ್ದಿಮೆ ಬೇಡವೆಂದಲ್ಲ. ಸಂಬಳ ಕೊಡುವ ಉದ್ದಿಮೆಯಿಲ್ಲದೆ ಯಾವ ಊರೂ ಬಾಳದು. ಆದರೆ ಹೊರಗಿನಿಂದ ಬರುವ ಬಂಡವಾಳ ಹೊರಗಿನ ಲೆಕ್ಕಾಚಾರದಂತೆ ಹೊರಟೂ ಹೋಗುತ್ತದೆ. ಅಂಥ ಏರಿಳಿತಗಳ ನಡುವೆ ಊರಿನದೇ ಆದ, ಎಲ್ಲಿಗೂ ಸಾಗಿಸಲಾಗದ ಆಸ್ತಿಯೊಂದು ಇರಬೇಕು. ಆ್ಯಶಿಂಗ್ಟನ್ನಿನ ಪಾಲಿಗೆ ಅಂಥ ಆಸ್ತಿಯಾಗಿ ಉಳಿದದ್ದು ಅದರ ಪರಂಪರೆ.

ಒಂದು ಗಣಿ ಕೈಗಾರಿಕಾ ವಸಾಹತು, ಇನ್ನೊಂದು ವಸ್ತುಸಂಗ್ರಹಾಲಯ

ಊರಿನವರು ಎರಡು ಗಣಿಗಳನ್ನು ಎರಡು ಬಗೆಯಲ್ಲಿ ಬಳಸಿಕೊಂಡದ್ದು ಇಲ್ಲಿ ಗಮನಾರ್ಹ. ಆ್ಯಶಿಂಗ್ಟನ್ ಗಣಿಯ ಕಟ್ಟಡಗಳನ್ನು ತೆರವುಗೊಳಿಸಿ ಆ ಜಾಗದಲ್ಲಿ ವಾನ್ಸ್‌ಬೆಕ್ ಎಂಬ ಹೆಸರಿನ ವಾಣಿಜ್ಯ ವಸಾಹತನ್ನು ನಿರ್ಮಿಸಲಾಯಿತು. ವುಡ್‌ಹಾರ್ನ್ ಗಣಿಯ ಕಟ್ಟಡಗಳನ್ನು ಮಾತ್ರ ಗುಜರಿಗೆ ಹಾಕದೆ ಉಳಿಸಿಕೊಳ್ಳಲಾಯಿತು. ಶಾಫ್ಟಿನ ಮೇಲಿನ ಉಕ್ಕಿನ ಗೋಪುರಗಳು, ಕಾರ್ಮಿಕರನ್ನು ಇಳಿಸಿ ಏರಿಸುತ್ತಿದ್ದ ಯಂತ್ರದ ಮನೆಗಳು, ಗಾಳಿಯಂತ್ರದ ಮನೆ ಇವು ಕಾನೂನಿನ ರಕ್ಷಣೆ ಪಡೆದವು. ಗಣಿ ಮುಚ್ಚಿ ಎಂಟೇ ವರ್ಷಗಳಲ್ಲಿ, ಅಂದರೆ 1989ರಲ್ಲಿ, ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಗಣಿತ್ಯಾಜ್ಯದ ದಿಬ್ಬವಿದ್ದ ಜಾಗ ಕೆರೆಯೂ ಗಿಡಮರಗಳೂ ಇರುವ ಸಾರ್ವಜನಿಕ ಉದ್ಯಾನವಾಯಿತು.

2006ರಲ್ಲಿ ವುಡ್‌ಹಾರ್ನ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಲ್ಲಿದ್ದಲು ಕೊರೆಯುವ ಯಂತ್ರದ ಹಲ್ಲುಗಳನ್ನು ನೆನಪಿಸುವ ಛಾವಣಿಯ ಹೊಸ ಕಟ್ಟಡ ಎದ್ದಿತು. ಕೌಂಟಿಯ ದಾಖಲೆಗಳ ಭಂಡಾರವನ್ನೂ ಅಲ್ಲಿಗೇ ತರಲಾಯಿತು. ಇದು ಮೇಲುನೋಟಕ್ಕೆ ಆಡಳಿತದ ಸಣ್ಣ ನಿರ್ಧಾರದಂತೆ ಕಂಡರೂ ಇದರಲ್ಲಿ ವ್ಯವಹಾರಜ್ಞಾನವಿದೆ. ಯಂತ್ರಗಳನ್ನು ನೋಡಲು ಬಂದವನು ಒಮ್ಮೆ ನೋಡಿ ಹೋಗುತ್ತಾನೆ. ತನ್ನ ಅಜ್ಜನ ಹೆಸರನ್ನು ಹಳೆಯ ಕಡತದಲ್ಲಿ ಹುಡುಕುವವನು ಮತ್ತೆ ಮತ್ತೆ ಬರುತ್ತಾನೆ. ಕೆನಡಾದಿಂದಲೂ ಆಸ್ಟ್ರೇಲಿಯಾದಿಂದಲೂ ಬರಬಲ್ಲ. 1864ರಲ್ಲಿ ಆರಂಭವಾದ ನಾರ್ತಂಬರ್‌ಲ್ಯಾಂಡ್ ಗಣಿಕಾರ್ಮಿಕರ ವಾರ್ಷಿಕ ಸಮಾವೇಶಕ್ಕೂ ವುಡ್‌ಹಾರ್ನ್ ನೆಲೆಯಾಯಿತು. ಕಾರ್ಮಿಕರ ಹಳೆಯ ಪತಾಕೆಗಳು, ಹಿತ್ತಾಳೆ ವಾದ್ಯಗಳ ಮೇಳ, ಅಗಲಿದವರ ಸ್ಮರಣೆ ಇವೆಲ್ಲ ಆ ದಿನ ಒಂದೆಡೆ ಸೇರುತ್ತವೆ.

ಮಾರದೆ ಉಳಿಸಿದ ಚಿತ್ರಗಳು

ಈ ಊರಿನ ಅತ್ಯಂತ ಬೆಲೆಬಾಳುವ ಸೊತ್ತು ಉಕ್ಕಿನದಲ್ಲ, ಬಣ್ಣದ್ದು. 1934ರಲ್ಲಿ ಇಲ್ಲಿನ ಕೆಲವು ಗಣಿಕಾರ್ಮಿಕರು ವಯಸ್ಕರ ಶಿಕ್ಷಣ ಸಂಘದ ಮೂಲಕ ಕಲೆಯ ಬಗ್ಗೆ ತಿಳಿಯಲು ಸಂಜೆಯ ತರಗತಿ ಏರ್ಪಡಿಸಿಕೊಂಡರು. ನ್ಯೂಕ್ಯಾಸಲ್‌ನಿಂದ ಬಂದ ಕಲಾಶಿಕ್ಷಕ ರಾಬರ್ಟ್ ಲಯಾನ್ ಇಟಲಿಯ ಮಹಾನ್ ಕಲಾವಿದರ ಚಿತ್ರಗಳನ್ನು ತೋರಿಸಿದರು. ಕೇಳುಗರಿಗೆ ಅದು ರುಚಿಸಲಿಲ್ಲ. ಹಾಗಾದರೆ ನೀವೇ ಬರೆದು ನೋಡಿ ಎಂದು ಲಯಾನ್ ಅವರ ಕೈಗೆ ಕುಂಚ ಕೊಟ್ಟರು. ಹಗಲು ಭೂಮಿಯ ಒಳಗೆ ಕಲ್ಲಿದ್ದಲು ಕಡಿದವರು ಸಂಜೆ ತಮ್ಮ ಬದುಕನ್ನೇ ಚಿತ್ರಿಸತೊಡಗಿದರು. ತಗ್ಗಿದ ಸುರಂಗದಲ್ಲಿ ಮಂಡಿಯೂರಿ ಕೆಲಸ ಮಾಡುವವರು, ಗಣಿಯ ಕುದುರೆಗಳು, ಪಾರಿವಾಳ ಸಾಕುವವರು, ತೋಟದ ತುಂಡುಭೂಮಿಯಲ್ಲಿ ತರಕಾರಿ ಬೆಳೆಯುವವರು ಇವರೇ ಆ ಚಿತ್ರಗಳ ವಸ್ತು. ಆಲಿವರ್ ಕಿಲ್ಬರ್ನ್, ಜಿಮ್ಮಿ ಫ್ಲಾಯ್ಡ್, ಹ್ಯಾರಿ ವಿಲ್ಸನ್ ಮೊದಲಾದವರಿದ್ದ ಈ ತಂಡ ಆ್ಯಶಿಂಗ್ಟನ್ ಗ್ರೂಪ್ ಎಂದು ಹೆಸರಾಯಿತು.

1936ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಅವರ ಪ್ರದರ್ಶನ ನಡೆಯಿತು. ಕಲಾಪ್ರೇಮಿಗಳೂ ಶ್ರೀಮಂತರೂ ಆಸಕ್ತಿ ತೋರಿದರು. ಒಂದೊಂದಾಗಿ ಮಾರಿದ್ದರೆ ಅಂದಿನ ಕೂಲಿಯ ದೃಷ್ಟಿಯಲ್ಲಿ ಅದು ದೊಡ್ಡ ಮೊತ್ತವೇ ಆಗಬಹುದಿತ್ತು. ಆದರೆ ತಂಡದವರು ಗಣಿಯ ಕೆಲಸವನ್ನು ಬಿಡಲಿಲ್ಲ, ಮುಖ್ಯವಾದ ಚಿತ್ರಗಳನ್ನು ಚದುರಲೂ ಬಿಡಲಿಲ್ಲ. ತಮ್ಮ ಗುಡಿಸಲಿನಂಥ ಸಭಾಗೃಹದಲ್ಲಿ ಅವನ್ನು ಒಟ್ಟಾಗಿ ಕಾಪಾಡಿದರು. 1980ರ ದಶಕದಲ್ಲಿ ಆ ಗುಡಿಸಲು ಹೋದರೂ ಸಂಗ್ರಹ ಹೋಗಲಿಲ್ಲ. ಇಂದು ಅದು ವುಡ್‌ಹಾರ್ನ್‌ನಲ್ಲಿದೆ.

ವಿಲಿಯಂ ಫೀವರ್ ಈ ತಂಡದ ಬಗ್ಗೆ ಬರೆದ ಪುಸ್ತಕ 1988ರಲ್ಲಿ ಬಂತು. ಅದರ ಪ್ರೇರಣೆಯಿಂದ ಲೀ ಹಾಲ್ ಬರೆದ ನಾಟಕ 2007ರಲ್ಲಿ ನ್ಯೂಕ್ಯಾಸಲ್‌ನಲ್ಲಿ ರಂಗವೇರಿ, ಲಂಡನ್ನಿನ ನ್ಯಾಷನಲ್ ಥಿಯೇಟರ್ ಮೂಲಕ 2010ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ತಲುಪಿತು. ಆ್ಯಶಿಂಗ್ಟನ್ ಎಂಬ ಹೆಸರು ಜಾಹೀರಾತಿಗೆ ಒಂದು ಪೆನ್ನಿ ಖರ್ಚಿಲ್ಲದೆ ಅಟ್ಲಾಂಟಿಕ್ ದಾಟಿತು. ಬಿಡಿಯಾಗಿ ಮಾರಿದ್ದರೆ ಬರುತ್ತಿದ್ದ ಬೆಲೆಗೂ ಇಡಿಯಾಗಿ ಉಳಿಸಿದ್ದರಿಂದ ಬಂದ ಬೆಲೆಗೂ ಇರುವ ಅಂತರವನ್ನು ಯಾವ ವರ್ತಕನೂ ಸುಲಭವಾಗಿ ಅಳೆಯಬಲ್ಲ.

ಕ್ರೀಡೆಯ ಹೆಸರೂ ಇದಕ್ಕೆ ಕೂಡಿಕೊಂಡಿದೆ. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಜಾಕ್ ಮತ್ತು ಬಾಬಿ ಚಾರ್ಲ್‌ಟನ್ ಸೋದರರು ಈ ಊರಿನ ಗಣಿಕಾರ್ಮಿಕನ ಮಕ್ಕಳು. ಭಾರತದ ಕ್ರಿಕೆಟ್ ಪ್ರೇಮಿಗಳಿಗೆ ಪರಿಚಿತರಾದ ವೇಗದ ಬೌಲರುಗಳಾದ ಸ್ಟೀವ್ ಹಾರ್ಮಿಸನ್ ಮತ್ತು ಮಾರ್ಕ್ ವುಡ್ ಇಬ್ಬರ ತವರೂರೂ ಇದೇ. ಸುಮಾರು 28,000 ಜನರಿರುವ ಪಟ್ಟಣವೊಂದಕ್ಕೆ ಇದು ಕಡಿಮೆ ಬಂಡವಾಳವಲ್ಲ.

ಪರಂಪರೆ ಹೊಟ್ಟೆ ತುಂಬಿಸುವುದೇ?

ಇಷ್ಟಾದರೂ ಒಂದು ಆಕ್ಷೇಪಣೆಗೆ ಪ್ರಾಮಾಣಿಕ ಉತ್ತರ ಕೊಡಬೇಕಾಗುತ್ತದೆ. ಗಣಿ 2,000 ಮನೆಗಳ ಒಲೆ ಉರಿಸುತ್ತಿದ್ದ ಜಾಗದಲ್ಲಿ ವಸ್ತುಸಂಗ್ರಹಾಲಯ ಎಷ್ಟು ಜನರಿಗೆ ಉದ್ಯೋಗ ಕೊಡಬಲ್ಲದು? ಬೆರಳೆಣಿಕೆಯಷ್ಟು ಎಂಬುದೇ ಉತ್ತರ. ಪರಂಪರೆಯಿಂದ ಗಣಿಯ ಸಂಬಳ ಮರಳುತ್ತದೆ ಎಂದು ಹೇಳುವವರು ಜನರನ್ನು ದಾರಿ ತಪ್ಪಿಸುತ್ತಾರೆ. ವುಡ್‌ಹಾರ್ನ್‌ಗೆ ಮನ್ನಣೆ ದೊರೆತ ವರ್ಷಗಳಲ್ಲಿಯೂ ಆ್ಯಶಿಂಗ್ಟನ್ನಿನ ಮುಖ್ಯ ಬೀದಿಯ ಅಂಗಡಿಗಳು ಕಷ್ಟದಲ್ಲಿಯೇ ದಿನ ದೂಡಿವೆ. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ.

ಹಾಗಿದ್ದರೆ ಲಾಭವೇನು? ಉತ್ತರ ಹೊಸ ರೈಲಿನಲ್ಲಿಯೇ ಇದೆ. ಆ್ಯಶಿಂಗ್ಟನ್ನಿನಿಂದ ನ್ಯೂಕ್ಯಾಸಲ್‌ಗೆ ಈಗ ಅರ್ಧ ಗಂಟೆಗೆ ತುಸು ಹೆಚ್ಚಿನ ಹಾದಿ. ಊರಿನ ಯುವಕರು ಮನೆ ಬಿಡದೆ ನಗರದಲ್ಲಿ ಕೆಲಸ ಹುಡುಕಬಹುದು. ಇದು ಒಳ್ಳೆಯದೇ. ಆದರೆ ಬೆಳಗ್ಗೆ ಹೊರಟು ಸಂಜೆ ಮಲಗಲು ಬರುವವರ ಊರಿನಲ್ಲಿ ಸಂಬಳದ ಬಹುಭಾಗ ನಗರದ ಅಂಗಡಿಗಳಲ್ಲಿಯೇ ಕರಗುತ್ತದೆ. ರೈಲು ಎರಡೂ ದಿಕ್ಕಿಗೆ ಓಡುತ್ತದೆ. ನಗರದಿಂದ ಬರುವ ಬೋಗಿಗಳೂ ತುಂಬಬೇಕಾದರೆ ಅಲ್ಲಿಂದ ಇಳಿದು ನೋಡುವಂಥದ್ದು ಊರಿನಲ್ಲಿ ಇರಬೇಕು. ಹಾಗೆ ಇಳಿದವನು ಚಹಾ ಕುಡಿಯುತ್ತಾನೆ, ಊಟ ಮಾಡುತ್ತಾನೆ, ಮಕ್ಕಳಿಗೆ ಏನಾದರೂ ಕೊಳ್ಳುತ್ತಾನೆ. 2015ರ ಶರತ್ಕಾಲದಲ್ಲಿ ಮೊದಲ ಮಹಾಯುದ್ಧದ ಸ್ಮರಣಾರ್ಥ ಪಿಂಗಾಣಿಯ ಕೆಂಪು ಗಸಗಸೆ ಹೂಗಳ ಪ್ರದರ್ಶನ ವುಡ್‌ಹಾರ್ನ್‌ನಲ್ಲಿ ನಡೆದಾಗ ಜನ ಪ್ರವಾಹದಂತೆ ಬಂದಿದ್ದರು. ಅಂದು ಆ್ಯಶಿಂಗ್ಟನ್ನಿಗೆ ರೈಲು ಇರಲಿಲ್ಲ, ಇಂದು ಇದೆ.

ಎರಡನೆಯ ಲಾಭ ಲೆಕ್ಕಪುಸ್ತಕದಲ್ಲಿ ಸುಲಭವಾಗಿ ಕಾಣದು. ಹೊಸ ಉದ್ದಿಮೆದಾರ ಜಾಗ ಹುಡುಕುವಾಗ ನೀರು, ವಿದ್ಯುತ್, ರಸ್ತೆಗಳ ಜೊತೆಗೆ ಊರಿನ ಹೆಸರನ್ನೂ ಕೇಳುತ್ತಾನೆ. ಪಾಳುಬಿದ್ದ ಊರು ಎಂದು ಹೆಸರಾದ ಕಡೆಗೆ ನುರಿತ ತಂತ್ರಜ್ಞರು ಕುಟುಂಬ ಸಮೇತ ಬರುವುದಿಲ್ಲ. ತನ್ನ ಕಥೆಯನ್ನು ತಾನೇ ಹೇಳಬಲ್ಲ ಊರಿಗೆ ಬರುತ್ತಾರೆ.

ಕೋಲಾರದ ಚಿನ್ನದ ಗಣಿಗೂ ಇದಕ್ಕೂ ಇರುವ ನಂಟು

ಕರ್ನಾಟಕದ ಓದುಗರಿಗೆ ಈ ಹೊತ್ತಿಗೆ ಕೆಜಿಎಫ್ ನೆನಪಾಗಿರುತ್ತದೆ. ಹೋಲಿಕೆ ಕೇವಲ ಕಲ್ಪನೆಯದಲ್ಲ. 1880ರಿಂದ ಅಲ್ಲಿನ ಗಣಿಗಳನ್ನು ಬೆಳೆಸಿದ್ದು ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ಆ್ಯಶಿಂಗ್ಟನ್ನಿಗೆ ಹೋದಂತೆಯೇ ಕೋಲಾರಕ್ಕೂ ಕಾರ್ನ್‌ವಾಲ್‌ನ ನುರಿತ ಗಣಿಗಾರರು ಬಂದಿದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಇಲ್ಲಿಗೆ. 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಈ ಗಣಿಯಲ್ಲಿ 1965ರಲ್ಲಿ ಭೂವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಪತ್ತೆಯಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ಒಸಾಕಾದ ವಿಜ್ಞಾನಿಗಳೊಂದಿಗೆ ಆ ಪ್ರಯೋಗದಲ್ಲಿ ಕೈಜೋಡಿಸಿದ್ದು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯ. ಆ್ಯಶಿಂಗ್ಟನ್ ಸೇರಿದ ಅದೇ ಈಶಾನ್ಯ ಕಲ್ಲಿದ್ದಲು ಸೀಮೆಯ ನಡುವೆ ಇರುವ ವಿಶ್ವವಿದ್ಯಾನಿಲಯವದು.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ವುಡ್‌ಹಾರ್ನ್ ಮುಚ್ಚಿದ್ದಕ್ಕೂ ಅದರ ವಸ್ತುಸಂಗ್ರಹಾಲಯ ತೆರೆದದ್ದಕ್ಕೂ ನಡುವೆ ಎಂಟು ವರ್ಷ. ಕೆಜಿಎಫ್ ಮುಚ್ಚಿ ಅದರ ಎರಡು ಪಟ್ಟಿಗೂ ಹೆಚ್ಚು ಕಾಲ ಕಳೆದಿದೆ. ಅಲ್ಲಿನ ದುಡಿಯುವ ಜನ ಇಂದಿಗೂ ಮುಂಜಾನೆ ಮಾರಿಕುಪ್ಪಂ ಮಾರ್ಗದ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಆ ರೈಲಿನ ಮರುಪ್ರಯಾಣದಲ್ಲಿ ಪ್ರವಾಸಿಗರನ್ನು ತರಬಲ್ಲ ಕಥೆ ಅಲ್ಲಿದೆ. ಅದನ್ನು ತೋರಿಸಲು ಒಂದು ನೆಲೆ ಬೇಕು.

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಗಳು ಕೆಲವು ಅಂಶಗಳನ್ನು ಪರಿಶೀಲಿಸುವುದು ಉಚಿತ. ಮೊದಲನೆಯದಾಗಿ, ಮುಚ್ಚಿದ ಗಣಿ ಅಥವಾ ಕಾರ್ಖಾನೆಯ ಯಂತ್ರಗಳು ಗುಜರಿ ಹರಾಜಿಗೆ ಹೋಗುವ ಮೊದಲು ಯಾವುದನ್ನು ಉಳಿಸಬೇಕೆಂಬ ಪಟ್ಟಿ ತಯಾರಾಗಬೇಕು. ಹರಾಜಿನ ಹಣ ಒಂದೇ ಸಲ ಬರುತ್ತದೆ. ಎರಡನೆಯದಾಗಿ, ಹಾಜರಿ ಪುಸ್ತಕ, ನಕ್ಷೆ, ವೇತನದ ದಾಖಲೆ, ಛಾಯಾಚಿತ್ರಗಳನ್ನು ಒಂದೇ ಕಡೆ ಕಾಯ್ದಿಡಬೇಕು. ಯಂತ್ರ ತುಕ್ಕು ಹಿಡಿಯುವುದಕ್ಕೂ ಮೊದಲು ಕಾಗದ ಗೆದ್ದಲಿಗೆ ಹೋಗುತ್ತದೆ. ಮೂರನೆಯದಾಗಿ, ಎಲ್ಲ ಜಾಗವನ್ನೂ ಸ್ಮಾರಕ ಮಾಡುವ ಹಟ ಬೇಡ. ಆ್ಯಶಿಂಗ್ಟನ್ ಮಾಡಿದಂತೆ ಒಂದು ಭಾಗವನ್ನು ಉದ್ದಿಮೆಗೆ, ಇನ್ನೊಂದನ್ನು ನೆನಪಿಗೆ ಬಿಡಬಹುದು. ನಾಲ್ಕನೆಯದಾಗಿ, ಸ್ಥಳೀಯ ವರ್ತಕರ ಸಂಘಕ್ಕೆ ಆಡಳಿತದಲ್ಲಿ ಸ್ಥಾನವಿರಬೇಕು. ಪ್ರವಾಸಿ ಇಳಿದ ಮೇಲೆ ಖರ್ಚು ಮಾಡುವುದು ಅವರ ಅಂಗಡಿಯಲ್ಲಿಯೇ. ಕೊನೆಯದಾಗಿ, ಅಪಘಾತಗಳೂ ಶ್ವಾಸಕೋಶದ ಕಾಯಿಲೆಗಳೂ ಆ ಕಥೆಯಲ್ಲಿ ಇರಬೇಕು. ಕಷ್ಟವನ್ನು ಅಳಿಸಿದ ಪರಂಪರೆಯನ್ನು ಕಷ್ಟಪಟ್ಟವರ ಮಕ್ಕಳು ತಮ್ಮದೆಂದು ಒಪ್ಪುವುದಿಲ್ಲ. ಅವರು ಒಪ್ಪದ ವಸ್ತುಸಂಗ್ರಹಾಲಯ ಬಹುಕಾಲ ನಡೆಯುವುದೂ ಇಲ್ಲ.

ಆ್ಯಶಿಂಗ್ಟನ್ ಗೆದ್ದ ಊರು ಎನ್ನುವಂತಿಲ್ಲ. ಅದು ಇನ್ನೂ ಏಳುತ್ತಿರುವ ಊರು. ಆದರೆ ಬಿದ್ದ ಹೊತ್ತಿನಲ್ಲಿ ಅದು ತನ್ನ ಹಳಿಯನ್ನು ಕಳೆದುಕೊಳ್ಳಲಿಲ್ಲ, ಗಣಿಯ ಗೋಪುರವನ್ನು ಗುಜರಿಗೆ ಕೊಡಲಿಲ್ಲ, ಕಾರ್ಮಿಕರು ಬರೆದ ಚಿತ್ರಗಳನ್ನು ಚೆಲ್ಲಾಪಿಲ್ಲಿಯಾಗಲು ಬಿಡಲಿಲ್ಲ. ಅರವತ್ತು ವರ್ಷಗಳ ನಂತರ ರೈಲು ಬಂದಾಗ ಅದು ನಿಲ್ಲಲು ಒಂದು ಊರು ಉಳಿದಿತ್ತು. ದಾಸ್ತಾನು ಇಟ್ಟುಕೊಳ್ಳುವುದರ ಬೆಲೆ ಬಲ್ಲ ವ್ಯಾಪಾರಿಗೆ ಇದನ್ನು ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ.